ಗ್ರಾಫ್ ಕ್ಯಾಲ್ಕುಲೇಟರಿನ ಆಕಾಶಯುದ್ಧವೂ ನಮ್ಮ ಗ್ರಾಫ್ ಹಾಳೆಯೂ

ಆಟಗಳೂ ಇತಿಹಾಸದ ಆಕರಗಳಾಗಬಲ್ಲವೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯಲಾರರು. ಹಂಪೆಯ ಮಂಟಪಗಳ ನೆಲಗಲ್ಲುಗಳಲ್ಲಿ ಕೊರೆದಿರುವ ಆಟದ ಮನೆಗಳನ್ನು ವಿದ್ವಾಂಸರು ಹುಡುಕಿ, ಎಣಿಸಿ, ನಕ್ಷೆ ಬರೆದು ಪ್ರಕಟಿಸಿದ್ದಾರೆ. ಅವುಗಳಲ್ಲಿ ಹುಲಿ-ಕುರಿ ಆಟದ ಮನೆಗಳೂ ಉಂಟು. ದೇವರ ಸೇವೆಗೆಂದು ಹಾಸಿದ ಕಲ್ಲನ್ನು ಬಿಡುವಿನ ವೇಳೆಯಲ್ಲಿ ಯಾರೋ ರಣರಂಗವನ್ನಾಗಿ ಮಾಡಿಕೊಂಡರು. ಇದೇ ಕೆಲಸವನ್ನು ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಪರದೇಶದ ಶಾಲಾಬಾಲಕರು ಗಣಿತಪಾಠಕ್ಕೆಂದು ಕೊಂಡ ಒಂದು ಸಣ್ಣ ಯಂತ್ರದೊಳಗೆ ಮಾಡಿದರು. ಅವರು ಕಟ್ಟಿದ ಆಕಾಶಯುದ್ಧದ ಆಟಗಳನ್ನು ನಾವು ಆಕರಗಳೆಂದು ಗಣಿಸಬೇಕೆ? ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳೊಡನೆ ಆಕರವಿಮರ್ಶೆಯ ಪಾಠ ನಡೆಸುತ್ತಿದ್ದಾಗ ಎದ್ದ ಪ್ರಶ್ನೆಯಿದು. ಅಂದಿನ ಚರ್ಚೆಯನ್ನೂ ಅದರಿಂದ ಹೊರಟ ಒಂದು ಸಣ್ಣ ಪ್ರಯೋಗವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗ್ರಾಫ್ ಕ್ಯಾಲ್ಕುಲೇಟರನ್ನು ನಮ್ಮಲ್ಲಿ ಬಹುಮಂದಿ ಕಂಡಿಲ್ಲವಾದುದರಿಂದ ಮೊದಲು ಅದರ ಸ್ವರೂಪವನ್ನು ಹೇಳಬೇಕು. ಸಾಮಾನ್ಯ ಕ್ಯಾಲ್ಕುಲೇಟರು ಉತ್ತರವನ್ನು ಅಂಕಿಗಳಲ್ಲಿ ತೋರಿಸಿ ಸುಮ್ಮನಾಗುತ್ತದೆ. ಇದಾದರೋ ಸಮೀಕರಣವನ್ನು ಕೊಟ್ಟರೆ ಅದರ ವಕ್ರರೇಖೆಯನ್ನೇ ಚುಕ್ಕೆಗಳಿಂದ ಬರೆದು ತೋರಿಸುತ್ತದೆ. 1985ರಲ್ಲಿ ಜಪಾನಿನ ಕ್ಯಾಸಿಯೊ ಸಂಸ್ಥೆ ಹೊರತಂದ ಎಫ್‌ಎಕ್ಸ್-7000ಜಿ ಈ ಜಾತಿಯ ಮೊದಲನೆಯ ಯಂತ್ರ. ಅದರ ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕೆಗಳು. ಪ್ರೋಗ್ರಾಮು ಬರೆಯಲು ಇದ್ದ ಎಡೆ 422 ಬೈಟುಗಳು ಮಾತ್ರ. 1990ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-81 ಬಂದಾಗ ಆ ಎಡೆ 2400 ಬೈಟುಗಳಿಗೆ ಏರಿತು. ಒಂದು ಅಕ್ಷರಕ್ಕೆ ಒಂದು ಬೈಟು ಎಂದು ಸ್ಥೂಲವಾಗಿ ಎಣಿಸಿದರೆ, ಅಂದಿನ ಹುಡುಗನಿಗೆ ತನ್ನ ಯುದ್ಧಕ್ಕೆ ದೊರೆತ ಭೂಮಿ ಅಚ್ಚಾದ ಪುಸ್ತಕದ ಒಂದೆರಡು ಪುಟಗಳಷ್ಟು.

ಆಕಾಶಯುದ್ಧದ ಕಲ್ಪನೆ ಮಾತ್ರ ಇದಕ್ಕಿಂತ ಹಳೆಯದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಗೆ ಪಿಡಿಪಿ-1 ಎಂಬ ಗಣಕವು ಬಂದಾಗ, ಅದರ ಶಕ್ತಿಯನ್ನು ತೋರಿಸಲು ತಕ್ಕ ಪ್ರದರ್ಶನವೊಂದು ಬೇಕೆಂದು ಸ್ಟೀವ್ ರಸೆಲ್, ಮಾರ್ಟಿನ್ ಗ್ರೇಟ್ಸ್, ವೇಯ್ನ್ ವಿಟಾನೆನ್ ಎಂಬ ತರುಣರು ಯೋಚಿಸಿದರು. ಇ. ಇ. ಸ್ಮಿತ್ ಎಂಬವರ ಅಗ್ಗದ ವೈಜ್ಞಾನಿಕ ಕಾದಂಬರಿಗಳು ಅವರ ತಲೆಯನ್ನು ತುಂಬಿದ್ದುವು. 1962ರಲ್ಲಿ ‘ಸ್ಪೇಸ್‌ವಾರ್’ ಸಿದ್ಧವಾಯಿತು. ಎರಡು ನೌಕೆಗಳು, ಇಬ್ಬರು ಆಟಗಾರರು, ನಡುವೆ ತನ್ನತ್ತ ಸೆಳೆಯುವ ಒಂದು ನಕ್ಷತ್ರ. ಈ ಸೆಳೆತವನ್ನು ಅನಂತರ ಸೇರಿಸಿದವನು ಡ್ಯಾನ್ ಎಡ್ವರ್ಡ್ಸ್. ಹಿನ್ನೆಲೆಯಲ್ಲಿ ನಿಜವಾದ ನಕ್ಷತ್ರಪಟವನ್ನು ಹರಡಿದವನು ಪೀಟರ್ ಸ್ಯಾಮ್ಸನ್. ನೌಕೆಗಳು ನಕ್ಷತ್ರದ ಸೆಳೆತಕ್ಕೆ ಸಿಕ್ಕುತ್ತಿದ್ದರೂ ಅವು ಹಾರಿಸಿದ ಗುಂಡುಗಳು ಸಿಕ್ಕುತ್ತಿರಲಿಲ್ಲ. ಅದಕ್ಕೆ ಕಾರಣ ಭೌತಶಾಸ್ತ್ರವಲ್ಲ. ಅಷ್ಟೊಂದು ಲೆಕ್ಕ ಹಾಕಲು ಯಂತ್ರಕ್ಕೆ ಪುರಸತ್ತಿರಲಿಲ್ಲ! ಯಂತ್ರದ ಬಡತನವು ಆಟದ ನಿಯಮವಾಗಿ ಪರಿಣಮಿಸಿತು. ಇಂತಹ ಆಟವನ್ನು ಆಕರವೆಂದು ಓದುವಾತನು ಮೊದಲು ಹಿಡಿಯಬೇಕಾದ ಎಳೆ ಇದೇ.

ಕ್ಯಾಲ್ಕುಲೇಟರಿನ ಆಟಗಳಲ್ಲಿ ಆ ಬಡತನ ಇನ್ನೂ ಎದ್ದು ಕಾಣುತ್ತದೆ. 1996ರ ಟಿಐ-83 ಯಂತ್ರದ ಮುಖಪರದೆಯಲ್ಲಿ ಎಂಟು ಸಾಲುಗಳು, ಸಾಲಿಗೆ ಹದಿನಾರು ಅಕ್ಷರಗಳು. ಹುಡುಗನು ತನ್ನ ನೌಕೆಯನ್ನು ಒಂದು ಅಕ್ಷರದಿಂದ, ವೈರಿಯನ್ನು ಮತ್ತೊಂದರಿಂದ, ಗುಂಡನ್ನು ಒಂದು ಚುಕ್ಕೆಯಿಂದ ಸೂಚಿಸುತ್ತಿದ್ದನು. ಯಂತ್ರವು ಪ್ರತಿಯೊಂದು ಗುಂಡಿಗೂ ಒಂದು ಸಂಖ್ಯೆಯನ್ನು ಕೊಟ್ಟಿತ್ತು: ಎಡಬಾಣಕ್ಕೆ 24, ಬಲಬಾಣಕ್ಕೆ 26. ಯಾವ ಸಂಖ್ಯೆ ಬಂದಿದೆಯೆಂದು ನೋಡು. ಹಳೆಯ ಎಡೆಯಲ್ಲಿನ ಅಕ್ಷರವನ್ನು ಅಳಿಸು. ಹೊಸ ಎಡೆಯಲ್ಲಿ ಬರೆ. ವೈರಿಯನ್ನು ಒಂದು ಹೆಜ್ಜೆ ಸರಿಸು. ಇಬ್ಬರ ಎಡೆಯೂ ಒಂದೇ ಆಯಿತೆ ಎಂದು ಪರೀಕ್ಷಿಸು. ಮತ್ತೆ ಮೊದಲಿಗೆ ಹೋಗು. ಈ ಸುತ್ತಿನ ಹೊರತು ಆಟದಲ್ಲಿ ಬೇರೇನೂ ಇಲ್ಲ. ಸುತ್ತು ನಿಧಾನವಾಗಿತ್ತು, ಗುಂಡು ತೆವಳುತ್ತಿತ್ತು. ಈ ನಿಧಾನವನ್ನು ಸಹಿಸಲಾರದವರು 1994ರಲ್ಲಿ ಟಿಐ-85 ಯಂತ್ರದ ಸ್ಮೃತಿಯ ಪ್ರತಿಯೊಂದನ್ನು ತಿದ್ದಿ, ತಂತಿಯ ಮೂಲಕ ಮತ್ತೆ ಒಳಸೇರಿಸಿ, ತಯಾರಕರು ಮುಚ್ಚಿಟ್ಟಿದ್ದ ಯಂತ್ರಭಾಷೆಗೇ ಕನ್ನ ಹಾಕಿದರು. ‘ಝಡ್‌ಶೆಲ್’ ಎಂಬ ಹೆಸರಿನ ಈ ಉಪಾಯದಿಂದ ಆಟಗಳಿಗೆ ನಿಜವಾದ ವೇಗ ಬಂದಿತು.

ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಟಿಐ-81ರ ಕಾಲವು ವಿಶೇಷವಾಗಿ ರುಚಿಸುತ್ತದೆ. ಆ ಯಂತ್ರಕ್ಕೆ ಮತ್ತೊಂದು ಯಂತ್ರದೊಡನೆ ಕೂಡುವ ತಂತಿಯ ದ್ವಾರವಿರಲಿಲ್ಲ. ಗೆಳೆಯನ ಆಟ ಬೇಕಾದರೆ ಅದನ್ನು ಸಾಲುಸಾಲಾಗಿ ನೋಡಿ ತನ್ನ ಯಂತ್ರಕ್ಕೆ ಒತ್ತಿಕೊಳ್ಳಬೇಕು. ಓಲೆಗರಿಯ ಲಿಪಿಕಾರನಂತೆಯೇ ಈತನೂ ಸಾಲು ಬಿಡುತ್ತಿದ್ದನು, ಚಿಹ್ನೆ ತಪ್ಪುತ್ತಿದ್ದನು, ಜಾಣನಾದರೆ ತಿದ್ದುತ್ತಲೂ ಇದ್ದನು. ಹೀಗೆ ಪಾಠಾಂತರಗಳು ಹುಟ್ಟಿರಲೇಬೇಕು. ಆದರೆ ಅವುಗಳಲ್ಲಿ ಉಳಿದವು ಅತ್ಯಲ್ಪ. ಬ್ಯಾಟರಿಯ ಶಕ್ತಿ ತೀರಿದರೆ ಸ್ಮೃತಿ ಅಳಿಯುತ್ತಿತ್ತು. ಪರೀಕ್ಷೆಗೆ ಮುನ್ನ ಮೇಲ್ವಿಚಾರಕರು ಯಂತ್ರದ ಸ್ಮೃತಿಯನ್ನು ಅಳಿಸುವ ಪದ್ಧತಿ ಅಮೆರಿಕದ ಶಾಲೆಗಳಲ್ಲಿತ್ತು. ಅದರಿಂದ ಪಾರಾಗಲು ‘ಸ್ಮೃತಿ ಅಳಿಯಿತು’ ಎಂದು ಪರದೆಯ ಮೇಲೆ ಸುಳ್ಳು ತೋರಿಸುವ ಪ್ರೋಗ್ರಾಮನ್ನು ಬರೆದ ಹುಡುಗರೂ ಇದ್ದರು. ಗುರುವಾಗಿ ನಾವು ಇದನ್ನು ಮೆಚ್ಚಲಾಗದು. ಇತಿಹಾಸಕಾರರಾಗಿ, ಅವರು ಉಳಿಸಿದುದಕ್ಕೆ ಕೃತಜ್ಞರಾಗಿರಬೇಕು.

ಈ ಆಟಗಳು ನಮ್ಮ ಕಡೆ ಏಕೆ ಹುಟ್ಟಲಿಲ್ಲ? ಬುದ್ಧಿಯ ಕೊರತೆಯಿಂದಲ್ಲ. ಅಮೆರಿಕದಲ್ಲಿ ಈ ಯಂತ್ರವು ಪಠ್ಯಕ್ರಮದ ಅಂಗವಾಗಿ, ಪರೀಕ್ಷೆಯೇ ಅದಕ್ಕೆ ಅನುಮತಿ ಕೊಟ್ಟುದರಿಂದ ಹುಡುಗರ ಚೀಲವನ್ನು ಸೇರಿತು. ನಮ್ಮಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಯಾವ ಕ್ಯಾಲ್ಕುಲೇಟರನ್ನೂ ಒಯ್ಯುವಂತಿಲ್ಲ. ಬೆಲೆಯ ಮಾತನ್ನು ಎತ್ತುವುದೇ ಬೇಡ. ತೊಗರಿಯ ಧಾರಣೆಯನ್ನು ನಂಬಿ ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಮನೆಗಳಿಗೆ ಪರೀಕ್ಷೆಗೆ ಬೇಡವಾದ ಯಂತ್ರವನ್ನು ಕೊಳ್ಳುವ ಕಾರಣವೇ ಇರಲಿಲ್ಲ. ಇಂದು ಕೈಗೆ ಬಂದಿರುವ ಮೊಬೈಲಿನಲ್ಲಿ ಆಟಗಳು ಹೇರಳವಾಗಿವೆ, ನಿಜ. ಆದರೆ ಅವು ಹೊಲಿದು ಮುಚ್ಚಿದ ಮೂಟೆಗಳು. ಆಡುವವನಿಗೆ ಒಳಗಿನ ಒಂದು ಕಾಳೂ ಕಾಣದು.

ಈ ಮಾತು ಬಂದಾಗ ಜೇವರ್ಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು, “ಯಂತ್ರವಿಲ್ಲದೆ ಆ ಆಟ ಆಡಲಾಗದೆ?” ಎಂದು ಕೇಳಿದಳು. ಉತ್ತರ ಹುಡುಕುತ್ತ ನಾವು ಆಟದ ಗರ್ಭವನ್ನು ಬಿಚ್ಚಿ ನೋಡಿದೆವು. ಸ್ಪೇಸ್‌ವಾರಿನ ನೌಕೆ ನೆಲದ ಬಂಡಿಯಂತಲ್ಲ. ಗಾಳಿಯಿಲ್ಲದ ಎಡೆಯಲ್ಲಿ, ಒಮ್ಮೆ ಪಡೆದ ವೇಗವು ತಾನಾಗಿ ಕುಂದುವುದಿಲ್ಲ. ಆದುದರಿಂದ ಲೆಕ್ಕವು ಎರಡೇ ಕೂಡಿಕೆಗಳು: ಹಳೆಯ ವೇಗಕ್ಕೆ ಎಂಜಿನಿನ ನೂಕನ್ನು ಕೂಡಿಸಿದರೆ ಹೊಸ ವೇಗ, ಹಳೆಯ ಎಡೆಗೆ ಹೊಸ ವೇಗವನ್ನು ಕೂಡಿಸಿದರೆ ಹೊಸ ಎಡೆ. ಇಷ್ಟಕ್ಕೆ ಚೌಕುಳಿ ಹಾಳೆ ಸಾಕು. ಇದೇ ತತ್ತ್ವದ ಮೇಲೆ ಚೌಕುಳಿ ಹಾಳೆಯಲ್ಲಿ ಕಾರು ಓಡಿಸುವ ಪಂದ್ಯವೊಂದನ್ನು ಮಾರ್ಟಿನ್ ಗಾರ್ಡ್ನರ್ ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ 1973ರಲ್ಲಿಯೇ ವಿವರಿಸಿದ್ದರು.

ನಮ್ಮ ವಿದ್ಯಾರ್ಥಿಗಳು ನಿಯಮಗಳನ್ನು ಹೀಗೆ ಮಾಡಿಕೊಂಡರು. ಗ್ರಾಫ್ ಹಾಳೆಯ ಎದುರುಬದುರು ಮೂಲೆಗಳಲ್ಲಿ ಎರಡು ನೌಕೆಗಳು ನಿಶ್ಚಲವಾಗಿ ನಿಲ್ಲುವುವು. ಪ್ರತಿ ಸರದಿಯಲ್ಲೂ ಹಿಂದಿನ ಸರದಿಯ ನಡೆಯನ್ನೇ ಮತ್ತೆ ನಡೆಯಬೇಕು. ಆದರೆ ಅಡ್ಡಕ್ಕೂ ಉದ್ದಕ್ಕೂ ಬೇಕಾದರೆ ಒಂದೊಂದು ಮನೆಯನ್ನು ಕೂಡಿಸಬಹುದು ಇಲ್ಲವೆ ಕಳೆಯಬಹುದು. ಹಾರಿಸಿದ ಗುಂಡು ನೌಕೆಯ ವೇಗದ ಜೊತೆಗೆ ನಾಲ್ಕು ಮನೆಗಳನ್ನು ಹೆಚ್ಚಾಗಿ ಪಡೆದು ನೇರವಾಗಿ ಸಾಗುವುದು. ಗುಂಡು ವೈರಿಯ ಒಂದು ಮನೆಯ ಒಳಗೆ ಬಂದು ನಿಂತರೆ ವೈರಿ ಹತ. ನಕ್ಷತ್ರದ ಸೆಳೆತವನ್ನು ಮೊದಲ ದಿನ ಕೈಬಿಟ್ಟೆವು.

ಆಟ ಸುಲಭವೆಂದು ತೋರಿತು. ಮೊದಲ ಅರ್ಧ ಗಂಟೆಯಲ್ಲಿ ಬಹುತೇಕ ನೌಕೆಗಳು ಯಾರ ಗುಂಡಿಗೂ ಸಿಕ್ಕದೆ ಹಾಳೆಯ ಅಂಚಿನಿಂದಾಚೆಗೆ ಹಾರಿಹೋದುವು! ವೇಗ ಗಳಿಸುವುದು ಎಲ್ಲರಿಗೂ ಬಂದಿತು; ನಿಲ್ಲುವುದು ಬರಲಿಲ್ಲ. 1, 2, 3 ಎಂದು ಏರಿದವನು 2, 1 ಎಂದು ಇಳಿದೇ ನಿಲ್ಲಬೇಕು. ಅಷ್ಟರಲ್ಲಿ ಅವನು ಕ್ರಮಿಸಿದ ಮನೆಗಳು 9. ನಾಲ್ಕರವರೆಗೆ ಏರಿದವನಿಗೆ 16 ಬೇಕು. ತುದಿವೇಗದ ವರ್ಗವೇ ನಿಲ್ಲಲು ಬೇಕಾದ ಹಾದಿ ಎಂಬುದನ್ನು ಅಫಜಲಪುರದ ಹುಡುಗನೊಬ್ಬನು, ಕಲಾವಿಭಾಗದವನು, ನಾಲ್ಕನೆಯ ಆಟದಲ್ಲಿ ತಾನಾಗಿಯೇ ಕಂಡುಕೊಂಡು ಅನಂತರ ಸೋಲಲಿಲ್ಲ. ಹಿಂದಕ್ಕೆ ಸರಿಯುವ ವೇಗವನ್ನು ಋಣಸಂಖ್ಯೆಯಾಗಿ ಬರೆಯಬೇಕಾಗಿ ಬಂದಾಗ ನಮಗೆ ಮಳಖೇಡದ ನೆನಪಾಯಿತು. ಇದೇ ಜಿಲ್ಲೆಯ ಆ ಊರು ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಅವನ ಆಶ್ರಯದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಧನಋಣಗಳ ವಿಧಿಗಳನ್ನು ಹೇಳಿ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದ್ದನು. ಲೆಕ್ಕವನ್ನು ವಿನೋದದೊಡನೆ ಬೆಸೆಯುವುದು ಆತನಿಗೆ ಅಗೌರವವೆನಿಸಿರಲಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಹಂಪೆಯ ಕಲ್ಲಿನಲ್ಲಿ ಆಟದ ಮನೆ ಉಳಿದಿದೆ. ಅಲ್ಲಿ ಯಾವ ಹುಲಿ ಯಾವ ಕುರಿಯನ್ನು ಹಾರಿತೆಂಬುದು ಒಂದೂ ಉಳಿದಿಲ್ಲ. ಕ್ಯಾಲ್ಕುಲೇಟರಿನಲ್ಲಿ, ಅದೃಷ್ಟವಿದ್ದರೆ, ಆಟದ ವಿಧಿ ಉಳಿಯುತ್ತದೆ. ಆದರೆ ಪ್ರತಿ ಸುತ್ತಿನಲ್ಲಿಯೂ ಹಳೆಯ ಎಡೆಯನ್ನು ಅಳಿಸಿಯೇ ಹೊಸದನ್ನು ಬರೆಯುವುದು ಅದರ ಕ್ರಮವಾದುದರಿಂದ ಅದು ವರ್ತಮಾನವನ್ನು ಮಾತ್ರ ಬಲ್ಲದು. ಗ್ರಾಫ್ ಹಾಳೆಯಾದರೋ ಏನನ್ನೂ ಅಳಿಸುವುದಿಲ್ಲ. ಪ್ರತಿಯೊಂದು ಚುಕ್ಕೆಯೂ ಅದರ ಪಕ್ಕದ ಸರದಿಯ ಅಂಕಿಯೂ ನಿಂತಿರುತ್ತವೆ. ಆಡಿದವರು ಎದ್ದುಹೋದ ಮೇಲೂ ಯುದ್ಧವನ್ನು ಮೊದಲಿನಿಂದ ಕೊನೆಯವರೆಗೆ ಓದಬಹುದು. ಎಲ್ಲಿ ಹೆದರಿದರು, ಎಲ್ಲಿ ದುಡುಕಿದರು ಎಂಬುದನ್ನೂ ತಕ್ಕಮಟ್ಟಿಗೆ ಹೇಳಬಹುದು. ಬಡವರ ಸಾಧನವೇ ಇಲ್ಲಿ ಹೆಚ್ಚು ಸಂಪನ್ನವಾದ ಆಕರವೆಂಬುದು ನಮ್ಮ ಅಭಿಪ್ರಾಯ.

ಆ ದಿನದ ಹಾಳೆಗಳನ್ನು ತಾರೀಖು ಹಾಕಿ ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇವೆ. ಒಂದರ ಮೂಲೆ ಮಾತ್ರ ಹರಿದುಹೋಗಿದೆ. ಆಳಂದದ ಇಬ್ಬರು ಆಡಿದ ಆಟವದು, ಒಂದು ನೌಕೆಯ ಕೊನೆಯ ಎರಡು ಚುಕ್ಕೆಗಳು ಅದರೊಡನೆ ಹೋಗಿವೆ. ಉಳಿದ ಚುಕ್ಕೆಗಳಿಂದ ನೌಕೆಯ ವೇಗವನ್ನು ತಿಳಿದು, ಕಳೆದುಹೋದ ಮೊದಲ ಚುಕ್ಕೆ ಒಂಬತ್ತು ಎಡೆಗಳಲ್ಲಿ ಒಂದರಲ್ಲಿತ್ತೆಂದು ಖಚಿತವಾಗಿ ಹೇಳಬಲ್ಲೆವು. ಎರಡನೆಯದಕ್ಕೆ ಆ ಎಡೆಗಳು 49 ಆಗುತ್ತವೆ. ಆಡಿದ ಇಬ್ಬರನ್ನೂ ಕೇಳಿದೆವು. ಒಬ್ಬೊಬ್ಬರು ಒಂದೊಂದು ಎಡೆಯನ್ನು ತೋರಿಸಿದರು, ಎರಡೂ ಆ 49ರ ಒಳಗೇ ಇವೆ.