ಇಯೊಸಿನೊಫಿಲಿಕ್ ಯಕೃತ್ ಬಾಧೆಯ ಚಿತ್ರಣ

ಇಯೊಸಿನೊಫಿಲಿಕ್ ಯಕೃತ್ ಬಾಧೆಯು ಬಿಳಿ ರಕ್ತಕಣಗಳ ಒಂದು ಬಗೆಯಾದ ಇಯೊಸಿನೊಫಿಲ್‌ಗಳು ಯಕೃತ್ತಿನಲ್ಲಿ ಅತಿಯಾಗಿ ಸೇರಿ ಉರಿಯೂತ ಉಂಟುಮಾಡುವ ಸ್ಥಿತಿಯಾಗಿದೆ. ಪರಾವಲಂಬಿ ಹುಳುಗಳ ಸೋಂಕು, ಔಷಧಿಯ ಅಲರ್ಜಿ, ಕೆಲವು ಕ್ಯಾನ್ಸರ್‌ಗಳು ಮತ್ತು ಹೈಪರ್‌ಇಯೊಸಿನೊಫಿಲಿಕ್ ಸಿಂಡ್ರೋಮ್ ಇದರ ಕಾರಣಗಳು. ಅಲ್ಟ್ರಾಸೌಂಡ್, ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳಲ್ಲಿ ಇದು ಯಕೃತ್ತಿಗೆ ಹರಡಿದ ಕ್ಯಾನ್ಸರ್‌ನಂತೆ ಕಾಣುವುದರಿಂದ ಸರಿಯಾದ ಗುರುತಿಸುವಿಕೆ ಮಹತ್ವದ್ದಾಗಿದೆ.

ಹಿನ್ನೆಲೆ

ಆರೋಗ್ಯವಂತರಲ್ಲಿ ಪ್ರತಿ ಘನ ಮಿಲಿಮೀಟರ್ ರಕ್ತದಲ್ಲಿ ಇಯೊಸಿನೊಫಿಲ್‌ಗಳ ಸಂಖ್ಯೆ ಸಾಮಾನ್ಯವಾಗಿ 500ಕ್ಕಿಂತ ಕಡಿಮೆ ಇರುತ್ತದೆ. 1500 ಮೀರಿ ಅದು ಉಳಿದುಕೊಂಡರೆ ಹೈಪರ್‌ಇಯೊಸಿನೊಫಿಲಿಯಾ ಎನ್ನುತ್ತಾರೆ. ಹೈಪರ್‌ಇಯೊಸಿನೊಫಿಲಿಕ್ ಸಿಂಡ್ರೋಮ್ ಎಂಬ ಹೆಸರನ್ನು 1968ರಲ್ಲಿ ಹಾರ್ಡಿ ಮತ್ತು ಆಂಡರ್ಸನ್ ಬಳಸಿದರು. ನಾಯಿ, ಬೆಕ್ಕುಗಳ ದುಂಡುಹುಳುವಾದ ಟಾಕ್ಸೊಕಾರಾದ ಮರಿಹುಳುಗಳು ಮನುಷ್ಯನ ಯಕೃತ್ತಿನಲ್ಲಿ ಅಲೆದಾಡುವ ರೋಗವನ್ನು 1952ರಲ್ಲಿ ಪಾಲ್ ಬೀವರ್ ಮತ್ತು ಸಂಗಡಿಗರು ವಿವರಿಸಿದರು.

ಹುನಗುಂದ, ಇಳಕಲ್ಲ ಮತ್ತು ಬಾದಾಮಿ ತಾಲ್ಲೂಕುಗಳಿರುವ ಬಾಗಲಕೋಟೆ ಜಿಲ್ಲೆಯು ಕರ್ನಾಟಕದಲ್ಲಿ ಆನೆಕಾಲು ರೋಗ ಕಂಡುಬರುವ ಜಿಲ್ಲೆಗಳಲ್ಲಿ ಒಂದು. ಈ ರೋಗವನ್ನು ತರುವ ಫೈಲೇರಿಯಾ ಹುಳುವಿಗೆ ಕೆಲವರ ದೇಹ ಅತಿಯಾಗಿ ಪ್ರತಿಕ್ರಿಯಿಸಿದಾಗ ಉಷ್ಣವಲಯದ ಶ್ವಾಸಕೋಶದ ಇಯೊಸಿನೊಫಿಲಿಯಾ ತಲೆದೋರುತ್ತದೆ. ರಾತ್ರಿ ಕೆಮ್ಮು, ಉಬ್ಬಸ ಇದರ ಮುಖ್ಯ ಲಕ್ಷಣಗಳು. ಇಯೊಸಿನೊಫಿಲ್ ಎಣಿಕೆ ಹಲವು ಸಾವಿರಕ್ಕೇರುತ್ತದೆ, ಕೆಲವರಲ್ಲಿ ಯಕೃತ್ತೂ ಹಿಗ್ಗುತ್ತದೆ. ಡೈಈಥೈಲ್‌ಕಾರ್ಬಮಜೀನ್ ಮಾತ್ರೆಗೆ ಇದು ಸಾಮಾನ್ಯವಾಗಿ ಬೇಗನೆ ಸ್ಪಂದಿಸುತ್ತದೆ.

ಚಿತ್ರಣದ ಲಕ್ಷಣಗಳು

ಅಲ್ಟ್ರಾಸೌಂಡ್‌ನಲ್ಲಿ ಅಂಚು ಮಸುಕಾದ, ಸುತ್ತಲಿನ ಅಂಗಾಂಶಕ್ಕಿಂತ ಕಪ್ಪಾದ ಸಣ್ಣ ಗಂಟುಗಳು ಕಾಣಬಹುದು. ಸಿ.ಟಿ.ಯಲ್ಲಿ ಗೋಚರಿಸಿದ ಎಷ್ಟೋ ಗಂಟುಗಳು ಅಲ್ಟ್ರಾಸೌಂಡ್‌ನಲ್ಲಿ ಸಿಗದೇ ಇರುವುದೂ ಉಂಟು. ಸಿ.ಟಿ. ಪರೀಕ್ಷೆಯಲ್ಲಿ ಅಯೋಡಿನ್ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿ, ಅದು ಯಕೃತ್ತಿನ ಮುಖ್ಯ ಅಭಿಧಮನಿಯನ್ನು ತುಂಬಿದ ಹಂತದಲ್ಲಿ ತೆಗೆದ ಚಿತ್ರವೇ ಅತ್ಯಂತ ಉಪಯುಕ್ತ. ಆಗ ಗಂಟುಗಳು ಕಡಿಮೆ ಸಾಂದ್ರತೆಯ ಮಚ್ಚೆಗಳಾಗಿ ಕಾಣುತ್ತವೆ. ಅವು ಹೆಚ್ಚಾಗಿ 2 ಸೆಂ.ಮೀ.ಗಿಂತ ಚಿಕ್ಕವು, ಪೂರ್ಣ ದುಂಡಗಿರುವುದಿಲ್ಲ. ಕೆಲವೊಮ್ಮೆ ರಕ್ತನಾಳವೊಂದು ಸ್ಥಳ ಬದಲಿಸದೆ ಗಂಟಿನ ನಡುವೆಯೇ ಹಾಯ್ದಿರುತ್ತದೆ. ಎಂ.ಆರ್.ಐ.ನ ಟಿ2 ಚಿತ್ರದಲ್ಲಿ ಅವು ತುಸು ಬೆಳ್ಳಗೆ ತೋರುತ್ತವೆ. ಪಿತ್ತನಾಳಗಳು ಬಾಧಿತವಾದರೆ ಅವುಗಳ ಗೋಡೆ ದಪ್ಪಗಾಗಿ ನಾಳ ಕಿರಿದಾಗಬಹುದು.

ಕೆಲವು ತಿಂಗಳ ಬಳಿಕ ಮತ್ತೆ ಚಿತ್ರ ತೆಗೆದರೆ ಮೊದಲಿನ ಗಂಟು ಮಾಯವಾಗಿ ಬೇರೆಡೆ ಹೊಸದು ಕಾಣಬಹುದು. ಅಲೆಯುವ ಮರಿಹುಳು ಬಿಟ್ಟ ಜಾಡು ಇದು. ಕ್ಯಾನ್ಸರ್ ಗಂಟು ಹೀಗೆ ವರ್ತಿಸುವುದಿಲ್ಲ.

ಭೇದನಿರ್ಣಯ

ಹರಡಿದ ಕ್ಯಾನ್ಸರ್ ಗಂಟುಗಳು ಸಾಮಾನ್ಯವಾಗಿ ದುಂಡಗಿದ್ದು ಅಂಚು ಸ್ಪಷ್ಟವಾಗಿರುತ್ತದೆ, ಆದರೆ ಚಿತ್ರ ಮಾತ್ರದಿಂದ ಖಚಿತವಾಗಿ ಹೇಳಲಾಗದು. ಮೊದಲೇ ಕ್ಯಾನ್ಸರ್ ಇರುವ ರೋಗಿಯಲ್ಲಿ ಈ ಗಂಟುಗಳನ್ನು ನಾಲ್ಕನೇ ಹಂತದ ರೋಗವೆಂದು ತಿಳಿದರೆ ಗುಣಪಡಿಸಬಲ್ಲ ಶಸ್ತ್ರಚಿಕಿತ್ಸೆಯೇ ಕೈತಪ್ಪಬಹುದು. ಇಲ್ಲಿ ದುಬಾರಿ ಯಂತ್ರಕ್ಕಿಂತ ಬಿಳಿ ರಕ್ತಕಣಗಳ ವಿಂಗಡಿತ ಎಣಿಕೆ ಹೆಚ್ಚು ನೆರವಾಗುತ್ತದೆ. ಗಾಜಿನ ಪಟ್ಟಿ, ಬಣ್ಣ ಮತ್ತು ಸೂಕ್ಷ್ಮದರ್ಶಕವಿದ್ದರೆ ಸಾಕಾಗುವ ಈ ಪರೀಕ್ಷೆಯನ್ನು ತಾಲ್ಲೂಕು ಮಟ್ಟದಲ್ಲೂ ಮಾಡಬಹುದು. ಶೇಕಡಾವಾರು ಮಾತ್ರ ನೋಡದೆ ಒಟ್ಟು ಸಂಖ್ಯೆಯನ್ನು ಲೆಕ್ಕಹಾಕಬೇಕು: ಬಿಳಿ ಕಣಗಳು 12000 ಇದ್ದು ಇಯೊಸಿನೊಫಿಲ್ ಶೇ. 20 ಇದ್ದರೆ ಸಂಖ್ಯೆ 2400 ಆಗುತ್ತದೆ. ರೋಗಿ ಸ್ಟೀರಾಯ್ಡ್ ಸೇವಿಸುತ್ತಿದ್ದರೆ ಎಣಿಕೆ ಕುಸಿದು ದಾರಿ ತಪ್ಪಿಸಬಹುದು.

ಕುರಿ, ನಾಯಿಗಳ ಒಡನಾಟವಿರುವ ಪ್ರದೇಶಗಳಲ್ಲಿ ಕಾಣುವ ಹೈಡಾಟಿಡ್ ರೋಗವೂ ಯಕೃತ್ತನ್ನೇ ಹೆಚ್ಚಾಗಿ ಆಕ್ರಮಿಸುತ್ತದೆ. ಆದರೆ ಅದು ದ್ರವ ತುಂಬಿದ ಚೀಲವಾಗಿ, ಹಲವೊಮ್ಮೆ ಒಳಗೆ ಮರಿಚೀಲಗಳೊಂದಿಗೆ ಕಾಣುವುದರಿಂದ ಗುರುತಿಸುವುದು ಸುಲಭ.

ಮುಂದಿನ ಕ್ರಮ

ಟಾಕ್ಸೊಕಾರಾ ಸೋಂಕಿಗೆ ಆಲ್ಬೆಂಡಜೋಲ್ ನೀಡಲಾಗುತ್ತದೆ. ಸ್ಟೀರಾಯ್ಡ್ ಆರಂಭಿಸುವ ಮುನ್ನ ಸ್ಟ್ರಾಂಜಿಲಾಯ್ಡಿಸ್ ಹುಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಆ ಸೋಂಕು ಮಾರಣಾಂತಿಕವಾಗಿ ಉಲ್ಬಣಿಸಬಹುದು. ಎಣಿಕೆ ಇಳಿದ ಮೇಲೂ ಗಂಟುಗಳು ಕರಗದಿದ್ದರೆ, ಅಥವಾ ಬೆಳೆಯುತ್ತಿದ್ದರೆ, ಸೂಜಿಯಿಂದ ಅಂಗಾಂಶದ ತುಣುಕನ್ನು ತೆಗೆದು ಪರೀಕ್ಷಿಸಲಾಗುತ್ತದೆ.