ವಿ-8ಕ್ಕೆ ಎಷ್ಟು ದೊಡ್ಡ ಮೂಗು?

ಷೆವರ್ಲೆ ಕಂಪನಿಯ 350 ಘನ ಅಂಗುಲದ ವಿ-8 ಎಂಜಿನ್ 1967ರ ಕಮಾರೊ ಕಾರಿನಲ್ಲಿ ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಹಳೇ ಕಾರಿನ ಹುಚ್ಚು ಹತ್ತಿದವರು ಈಗಲೂ ಅದನ್ನು ಬಿಚ್ಚಿ ಜೋಡಿಸುತ್ತಲೇ ಇರುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 5.7 ಲೀಟರ್. ಎರಡು ಸುತ್ತಿಗೊಮ್ಮೆ ಹೊಟ್ಟೆ ತುಂಬ ಉಸಿರೆಳೆಯುತ್ತದೆ ಎಂದಿಟ್ಟುಕೊಂಡರೆ, ನಿಮಿಷಕ್ಕೆ 6000 ಸುತ್ತಿನಲ್ಲಿ ಅದಕ್ಕೆ ಬೇಕಾದ ಗಾಳಿ ಸುಮಾರು 17,000 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗೆ ಬರುವ 6000 ಲೀಟರ್ ನೀರಿನ ಟ್ಯಾಂಕರ್ ಮೂರನ್ನು ನೆನೆಸಿಕೊಳ್ಳಿ. ಅಷ್ಟು ಗಾಳಿ ಒಂದೇ ನಿಮಿಷದಲ್ಲಿ ಏರ್ ಫಿಲ್ಟರ್ ದಾಟಬೇಕು.

ಆದ್ದರಿಂದ ಮೊದಲು ನೋಡಬೇಕಾದದ್ದು ಬ್ರಾಂಡ್ ಅಲ್ಲ, ವಿಸ್ತೀರ್ಣ. 9 ಅಂಗುಲ ಅಗಲ, 2 ಅಂಗುಲ ಎತ್ತರದ ದುಂಡು ಫಿಲ್ಟರಿನ ಹೊರಮೈ ಸುಮಾರು 57 ಚದರ ಅಂಗುಲ. 14 ಅಂಗುಲ ಅಗಲ, 3 ಅಂಗುಲ ಎತ್ತರದ್ದು 132. ಜಾಗ ಹಿಗ್ಗಿದಷ್ಟೂ ಗಾಳಿ ನಿಧಾನವಾಗಿ ಹಾಯುತ್ತದೆ, ತಡೆ ಇಳಿಯುತ್ತದೆ. ಥಳಥಳಿಸುವ ಪುಟ್ಟ ಕ್ರೋಮ್ ಡಬ್ಬ ಷೋಕಿಗೆ ಸರಿ.

ಕಾರ್ಬೊರೇಟರ್ ಇದ್ದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಇಕ್ಕಟ್ಟಾದ ಗಂಟಲಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಪಕ್ಕದಲ್ಲಿ ಪೆಟ್ರೋಲ್ ತುಂಬಿರುವ ಫ್ಲೋಟ್ ಬೌಲ್‌ನಲ್ಲಿ ಒತ್ತಡ ಹೆಚ್ಚಿರುವುದರಿಂದ ಪೆಟ್ರೋಲ್ ಜೆಟ್ ಮೂಲಕ ಮೇಲೇರುತ್ತದೆ. ಎಷ್ಟು ಪೆಟ್ರೋಲ್ ಎಂಬುದು ಈ ಎರಡು ಒತ್ತಡಗಳ ಅಂತರಕ್ಕೆ ಬಿಟ್ಟದ್ದು. ಅಲ್ಲಿ ಕಂಪ್ಯೂಟರ್ ಇಲ್ಲ. ಬೌಲ್‌ನ ಉಸಿರುಕೊಳವೆ ಫಿಲ್ಟರಿನ ಹೊರಗೆ ತೆರೆದಿದ್ದರೆ, ಫಿಲ್ಟರ್ ಕಟ್ಟಿಕೊಂಡಾಗ ಗಂಟಲಿನ ಒತ್ತಡ ಮಾತ್ರ ಇನ್ನಷ್ಟು ಇಳಿಯುತ್ತದೆ. ಪೆಟ್ರೋಲ್ ಅತಿಯಾಗಿ, ಸೈಲೆನ್ಸರಿನಿಂದ ಕಪ್ಪು ಹೊಗೆ. ಕೊಳವೆ ಫಿಲ್ಟರಿನ ಒಳಗೇ ತೆರೆದಿದ್ದರೆ ಎರಡೂ ಕಡೆ ಒತ್ತಡ ಒಟ್ಟಿಗೆ ಇಳಿದು ಮಿಶ್ರಣ ಬಹುಪಾಲು ಹದದಲ್ಲೇ ಉಳಿಯುತ್ತದೆ. ಆದರೆ ಬಾನೆಟ್ಟಿಗೆ ತಾಗದಿರಲೆಂದು ತಗ್ಗು ಡಬ್ಬ ಹಾಕಿ, ಮುಚ್ಚಳ ಈ ಕೊಳವೆಗಳ ನೆತ್ತಿಯ ಮೇಲೇ ಕೂತರೆ, ಒಳ್ಳೆಯ ಫಿಲ್ಟರ್ ಕೂಡ ಹದಗೆಡಿಸುತ್ತದೆ.

ಕಾಗದವೋ, ಎಣ್ಣೆ ಸವರಿದ ಹತ್ತಿ ಬಟ್ಟೆಯೋ? ಫಿಲ್ಟರ್ ಬರೀ ಜರಡಿಯಲ್ಲ. ಗಾಳಿ ಎಳೆಗಳ ನಡುವೆ ತಿರುಗಿ ಸಾಗುತ್ತದೆ; ಭಾರದ ಧೂಳಿಗೆ ಆ ತಿರುವು ಸಾಧ್ಯವಾಗದೆ ಎಳೆಗೆ ಬಡಿದು ನಿಲ್ಲುತ್ತದೆ. ಎಣ್ಣೆ ಅದನ್ನು ಅಂಟಿಸಿಕೊಳ್ಳುವುದರಿಂದ ಹತ್ತಿಯ ಎಳೆಗಳು ವಿರಳವಾಗಿದ್ದರೂ ನಡೆಯುತ್ತದೆ. ಹೊಸ ಕಾರುಗಳಲ್ಲಿ ಆ ಎಣ್ಣೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಳ್ಳುತ್ತದೆಂಬ ಭಯವುಂಟು. ಕಾರ್ಬೊರೇಟರಿಗೆ ಆ ಸೆನ್ಸರೇ ಇಲ್ಲ. ಆದರೂ ತೊಳೆದು, ಒಣಗಿಸಿ, ಎಣ್ಣೆ ಹಚ್ಚುವ ತಾಳ್ಮೆ ಇಲ್ಲದವರಿಗೆ ನಾನು ಹೇಳುವುದು ದೊಡ್ಡ ಕಾಗದದ ಫಿಲ್ಟರನ್ನೇ.

ಫಿಲ್ಟರ್ ಎಲ್ಲಿಂದ ಗಾಳಿ ಎಳೆಯುತ್ತದೆ ಎಂಬುದೂ ಮುಖ್ಯ. ಬಾನೆಟ್ ಒಳಗಿನ ಗಾಳಿ ಹೊರಗಿಗಿಂತ 30 ಡಿಗ್ರಿ ಬಿಸಿಯಿದ್ದರೆ ಅದರ ಸಾಂದ್ರತೆ ಸುಮಾರು ಶೇ. 9ರಷ್ಟು ಕಡಿಮೆ. 1970ರ ಷೆವೆಲ್ ಎಸ್‌ಎಸ್ ಕಾರಿಗೆ, ಮುಂಗಾಜಿನ ಬುಡದಿಂದ ತಂಪು ಗಾಳಿ ಎಳೆದುಕೊಳ್ಳುವ ಬಾನೆಟ್ ಬಾಗಿಲು ಸಿಗುತ್ತಿದ್ದದ್ದು ಇದಕ್ಕೇ.

ಫಿಲ್ಟರ್ ಕೂರಿಸಿ ಕೆಲವು ವಾರ ಓಡಿಸಿದ ಮೇಲೆ, ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು ಕಾರ್ಬೊರೇಟರಿನ ಬಾಯಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಧೂಳು ಅಂಟಿದರೆ ಫಿಲ್ಟರನ್ನು ಬಯ್ಯುವ ಮೊದಲು ಅದರ ಅಂಚಿನ ರಬ್ಬರು ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಿ.