ತಿಂಡಿ ತಟ್ಟೆಗೆ ಬೆದರಿದ ಎಫ್‌ಬಿಐ

ಅಮೆರಿಕದ ಕಪ್ಪು ಜನರ ಹೋರಾಟದ ಪಕ್ಷ ಬ್ಲ್ಯಾಕ್ ಪ್ಯಾಂಥರ್ ಎಂದೊಡನೆ ನೆನಪಾಗುವುದು ಕರಿ ಟೊಪ್ಪಿ, ಚರ್ಮದ ಜಾಕೆಟ್, ಕೈಯಲ್ಲಿ ಬಂದೂಕು. ಪೋಸ್ಟರಿನಲ್ಲೂ ಅದೇ, ಟೀ ಶರ್ಟಿನ ಮೇಲೂ ಅದೇ. ಹೊತ್ತು ಮೂಡುವ ಮುಂಚೆ ಎದ್ದು ಊರ ಮಕ್ಕಳಿಗೆ ಮೊಟ್ಟೆ ಬೇಯಿಸಿದವರ ಚಿತ್ರ ಹಾಕಿಕೊಂಡು ತಿರುಗುವವರನ್ನು ನಾನಂತೂ ಕಂಡಿಲ್ಲ.

ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಈ ಪಕ್ಷ ಕಟ್ಟಿದ್ದು 1966ರ ಅಕ್ಟೋಬರಿನಲ್ಲಿ. ಪೊಲೀಸರ ದೌರ್ಜನ್ಯದ ಮೇಲೆ ಕಣ್ಣಿಡಲು ಬಂದೂಕು ಹಿಡಿದು ಗಸ್ತು ತಿರುಗಿದರು. ಆ ಕಥೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಬಿಡಿ.

ಹೇಳದೆ ಉಳಿದದ್ದು ತಿಂಡಿಯ ಕಥೆ. 1969ರ ಜನವರಿಯಲ್ಲಿ ಪಕ್ಷ ಮಕ್ಕಳಿಗೆ ಪುಕ್ಕಟೆ ತಿಂಡಿ ಕೊಡಲು ಹೊರಟಾಗ ಓಕ್‌ಲ್ಯಾಂಡಿನ ಸೇಂಟ್ ಆಗಸ್ಟೀನ್ ಚರ್ಚಿನ ಪಾದ್ರಿ ಅರ್ಲ್ ನೀಲ್ ಜಾಗ ಕೊಟ್ಟರು, ನೃತ್ಯಗಾತಿ ರೂತ್ ಬೆಕ್‌ಫೋರ್ಡ್ ವ್ಯವಸ್ಥೆಗೆ ನಿಂತರು. ಶಾಲೆಗೆ ಹೊರಟ ಮಕ್ಕಳಿಗೆ ಮೊಟ್ಟೆ, ಟೋಸ್ಟ್, ಹಾಲು, ಮೆಕ್ಕೆಜೋಳದ ನುಚ್ಚಿನ ಗಂಜಿ. ಸಾಮಾನು ಅಂಗಡಿಗಳ ದೇಣಿಗೆ. ಕೊಡದವರಿಗೆ ಬಹಿಷ್ಕಾರದ ಬೆದರಿಕೆಯೂ ಇತ್ತೆನ್ನಿ. ವರ್ಷ ತುಂಬುವುದರೊಳಗೆ ತಿಂಡಿ ಹಲವು ನಗರಗಳಿಗೆ ಹಬ್ಬಿತು.

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್‌ಗೆ ಇದನ್ನು ಸಹಿಸಲಾಗಲಿಲ್ಲ. ಪ್ಯಾಂಥರರ ಈ ಕೆಲಸವನ್ನೂ ಕೆಡಿಸಬೇಕೆಂದು ಕೇಂದ್ರ ಕಚೇರಿ ಬಯಸಿದಾಗ ಸ್ಯಾನ್‌ಫ್ರಾನ್ಸಿಸ್ಕೊ ಕಚೇರಿಯೇ ತಕರಾರು ತೆಗೆಯಿತು: ಇದರ ಬೆನ್ನಿಗೆ ಚರ್ಚುಗಳಿವೆ, ಕಪ್ಪು ಬಿಳಿ ಎನ್ನದೆ ದೊಡ್ಡ ಮನುಷ್ಯರಿದ್ದಾರೆ, ಇದಕ್ಕೆ ಕೈ ಹಾಕುವುದು ಬೇಡ. ಅದೇ 1969ರ ಮೇ 27ರಂದು ಉತ್ತರ ಬಂತು. ನಿಮಗೆ ವಿಷಯವೇ ಅರ್ಥವಾಗಿಲ್ಲ. ಇದು ದಯೆಯಲ್ಲ, ಸಭ್ಯರೆನಿಸಿಕೊಂಡು ಮಕ್ಕಳ ತಲೆಗೆ ವಿಷ ತುಂಬುವ ಹೂಟ ಎಂಬುದು ಅದರ ಸಾರ. ಅಧೀನ ಅಧಿಕಾರಿಯೊಬ್ಬ ಲಿಖಿತವಾಗಿ ವಿವೇಕ ಹೇಳಿ ಬೈಸಿಕೊಂಡ ಈ ಪತ್ರವ್ಯವಹಾರ, ನನ್ನ ಮಟ್ಟಿಗೆ, ಇಡೀ ಕಡತದ ಸ್ವಾರಸ್ಯ.

ಮುಂದಿನದು ಇನ್ನೂ ಕೊಳಕು. ಹಂದಿ ಮುಖದ ಪೊಲೀಸರ ಮೇಲೆ ಕಪ್ಪು ಮಕ್ಕಳು ಎರಗುವ ಚಿತ್ರಗಳಿದ್ದ, ಬಣ್ಣ ತುಂಬುವ ಪುಸ್ತಕವೊಂದಿತ್ತು. ಪಕ್ಷದ ನಾಯಕರೇ ಬೇಡವೆಂದಿದ್ದ ಆ ಪುಸ್ತಕವನ್ನು ಎಫ್‌ಬಿಐ ದೇಣಿಗೆ ಕೊಡುತ್ತಿದ್ದ ಕಂಪನಿಗಳಿಗೆ ಹೆಸರಿಲ್ಲದೆ ಕಳಿಸಿತು. ಮಕ್ಕಳ ತಿಂಡಿ ತಪ್ಪಿಸಲು ಸರ್ಕಾರಿ ಅಂಚೆ ಖರ್ಚು! 1976ರಲ್ಲಿ ಸೆನೆಟ್ ಸಮಿತಿಯ ವರದಿಯಲ್ಲಿ ಇದು ಬಯಲಾಗುವ ಹೊತ್ತಿಗೆ ಪಕ್ಷ ಒಡೆದು ಸೊರಗಿತ್ತು.

ಅಮೆರಿಕದ ಸರ್ಕಾರಿ ಶಾಲಾ ತಿಂಡಿ ಯೋಜನೆ ಪ್ಯಾಂಥರರ ಕೂಸು ಎಂದು ಅಭಿಮಾನಿಗಳು ಹೇಳುವುದುಂಟು. ತಾರೀಖು ಒಪ್ಪುವುದಿಲ್ಲ. ಆ ಪ್ರಾಯೋಗಿಕ ಯೋಜನೆಯ ಕಾನೂನಿಗೆ ಸಹಿ ಬಿದ್ದದ್ದೂ 1966ರ ಅದೇ ಅಕ್ಟೋಬರಿನಲ್ಲಿ. ಕಾಯಂ ಆದದ್ದು 1975ರಲ್ಲಿ. ನಡುವಿನ ವರ್ಷಗಳಲ್ಲಿ ಮಕ್ಕಳ ಹಸಿವು ಪತ್ರಿಕೆಗಳಿಂದ ಮರೆಯಾಗದಂತೆ ನೋಡಿಕೊಂಡವರಲ್ಲಿ ಇವರೂ ಇದ್ದರು. ಅಷ್ಟು ಪಾಲನ್ನಾದರೂ ಪಠ್ಯಪುಸ್ತಕಗಳು ಅವರಿಗೆ ಕೊಡಬಹುದಿತ್ತು.